ವ್ಯಾಸಪೀಠ ಏರಿದ ಕಾದಂಬರಿ

ನಮ್ಮತ್ತೆ ದ್ರೌಪದಮ್ಮ ಅಕ್ಷರ ಕಲಿತದ್ದು ನಲವತ್ತೆಂಟನೇ ವಯಸ್ಸಿನಲ್ಲಿ, ಯಲಹಂಕದಲ್ಲಿ ವಯಸ್ಕರ ಶಿಕ್ಷಣದ ತರಗತಿ ಶುರುವಾದಾಗ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಬಸ್ಸಿನ ಬೋರ್ಡು, ಬೆಂಕಿಪೊಟ್ಟಣ, ಗೋಡೆಯ ಕ್ಯಾಲೆಂಡರು, ಕಣ್ಣಿಗೆ ಬಿದ್ದದ್ದನ್ನೆಲ್ಲ ಜೋರಾಗಿ ಓದುತ್ತಿದ್ದರು. ಪುಸ್ತಕ ಅಂತ ಒಂದನ್ನೂ ಓದಿರಲಿಲ್ಲ. ಮಲ್ಲೇಶ್ವರದಲ್ಲಿ ಓದಿ ಬಂದ ನನಗೆ ಅದು ತಮಾಷೆಯಾಗಿತ್ತು. ಬರೆಯುವಾಗ ಈಗ ನಾಚಿಕೆಯಾಗುತ್ತದೆ.

ಅರವತ್ತೊಂದನೇ ಇಸವಿ. ನನ್ನ ಟ್ರಂಕಿನ ತಳದಲ್ಲಿ ಕಾಲೇಜಿನ ಕಾಲದ ಒಂದು ದಪ್ಪ ಕಾದಂಬರಿ ಇತ್ತು. ಯಾವುದೋ ದೇಶದ ಹಳೆಯ ಹೆಸರಾಂತ ಕಥೆ, ಕನ್ನಡಕ್ಕೆ ಬಂದದ್ದು. ಒಬ್ಬ ಅಂಬಿಗ ಒಂಟಿಯಾಗಿ ದೋಣಿ ಕಟ್ಟುತ್ತಾನೆ. ಅದು ಊರಿಗೆಲ್ಲ ಸೇರಬೇಕು ಅಂತ ಜನ ಕೇಳಿದರೆ ಕೊಡುವುದಿಲ್ಲ. ಇನ್ನೊಬ್ಬರಿಗಾಗಿ ಬದುಕುವುದು ಧರ್ಮವೇ ಅಲ್ಲ ಅನ್ನುತ್ತಾನೆ. ಸ್ವಾರ್ಥಕ್ಕೆ ಪಟ್ಟ ಕಟ್ಟುವ ಪುಸ್ತಕ ಅಂತ ಅರ್ಧ ಕಾಲೇಜು, ಸ್ವಾಭಿಮಾನದ ಪುಸ್ತಕ ಅಂತ ಇನ್ನರ್ಧ. ಒಂದೇ ಬೆಂಚಿನವರು ಮಾತು ಬಿಟ್ಟದ್ದೂ ಉಂಟು. ನಾನು ಸ್ವಾಭಿಮಾನದ ಕಡೆಯವಳು.

ನನ್ನ ಪಾಪುವಿನ ಕುಲಾವಿ ಹುಡುಕಲು ಟ್ರಂಕು ತೆಗೆದಾಗ ಅತ್ತೆ ಅದನ್ನು ಕಂಡು, ತಾನು ಓದಬಹುದೇ ಅಂತ ಕೇಳಿದರು. ಎರಡು ಪುಟಕ್ಕೆ ಸಾಕಾದೀತು ಅಂದುಕೊಂಡು ಕೊಟ್ಟೆ.

ಮಾರನೇ ದಿನ ಮಧ್ಯಾಹ್ನ ಪಾಪುವನ್ನು ಮಲಗಿಸಿ ಹಜಾರಕ್ಕೆ ಬಂದು ನೋಡಿದರೆ, ತೀರಿಹೋದ ಮಾವನವರು ಪುರಾಣ ಓದುತ್ತಿದ್ದ ವ್ಯಾಸಪೀಠ ಅಟ್ಟದಿಂದ ಇಳಿದಿದೆ. ಆ ಮಡಚುವ ಮರದ ಪೀಠದ ಮೇಲೆ ನನ್ನ ಕಾದಂಬರಿ. ರಟ್ಟಿಗೆ ಅರಿಶಿನ ಕುಂಕುಮ, ಪಕ್ಕದಲ್ಲಿ ದೀಪ, ಎದುರಿಗೆ ಕೇರಿಯ ಏಳೆಂಟು ಹೆಂಗಸರು. ಪುಸ್ತಕ ಓದುವುದು ಅಂದರೆ ಅತ್ತೆ ಕಂಡಿದ್ದದ್ದು ಅದೊಂದೇ ಕ್ರಮ. ಮಿಂದು, ದೀಪ ಹಚ್ಚಿ, ನಾಲ್ಕು ಜನಕ್ಕೆ ಕೇಳುವ ಹಾಗೆ ಓದಿ, ಅರ್ಥ ಹೇಳಬೇಕು. ಕಾದಂಬರಿಯನ್ನು ಒಬ್ಬರೇ ಮನಸ್ಸಿನಲ್ಲಿ ಓದಿಕೊಳ್ಳಬಹುದು ಅಂತ ಹೇಳಲು ಬಾಯಿ ಬರಲಿಲ್ಲ. ಪಾಪು ಎದ್ದು ದೀಪದ ಕಡೆಗೆ ತೆವಳಿದರೆ ಏನು ಗತಿ ಅಂತ ಬಾಗಿಲಲ್ಲೇ ಕಾವಲು ಕೂತೆ.

ದಿನಕ್ಕೆ ಒಂದೂವರೆ ಪುಟದಿಂದ ಶುರುವಾಯಿತು. ಅಕ್ಷರದ ಕೆಳಗೆ ಬೆರಳು. ಒತ್ತಕ್ಷರ ಸಿಕ್ಕರೆ ಕಾಲುವೆ ದಾಟುವವರ ಹಾಗೆ ನಿಂತು, ಉಸಿರು ಎಳೆದುಕೊಂಡು, ಆಚೆಗೆ ಹಾರುವುದು. ಬರಬರುತ್ತ ದಿನಕ್ಕೆ ಐದಾರು ಪುಟವಾಯಿತು. ಅರ್ಥ ಹೇಳುವಾಗಂತೂ ಜಗಳವೋ ಜಗಳ. ಅವನ ದೋಣಿ ಅವನಿಷ್ಟ ಅಂತ ಪಕ್ಕದ ಮನೆ ಮುನಿಕೆಂಪಮ್ಮ. ನಿಮ್ಮವ್ವನೂ ಹಾಗೇ ಅಂದಿದ್ದರೆ ನೀನೆಲ್ಲಿರುತ್ತಿದ್ದೆ ಅಂತ ಉಳಿದವರು.

ಸುದ್ದಿ ಗೌರಮ್ಮನವರಿಗೆ ಮುಟ್ಟಿತು. ಅತ್ತೆಯ ಕೈ ಹಿಡಿದು ಅಕ್ಷರ ತಿದ್ದಿಸಿದ ಮೇಷ್ಟ್ರಮ್ಮ ಅವರೇ. ತರಗತಿ ಬಿಟ್ಟರೆ ಅತ್ತೆ ಅವರ ಎದುರು ಎಂದೂ ಕೂತವರಲ್ಲ. ಪುಸ್ತಕ ಅರ್ಧಕ್ಕೆ ಬಂದಿದ್ದ ದಿನ ಅವರು ಬಂದು ಹಜಾರದ ನಡುವೆ ನಿಂತರು.

"ನಾನು ಅಕ್ಷರ ಕಲಿಸಿದ್ದು ಇಂಥದ್ದನ್ನ ಓದಲಿ ಅಂತಲ್ಲ, ದ್ರೌಪದಮ್ಮ. ಮನೆ ಒಡೆಯೋ ಪುಸ್ತಕ ಇದು. ಮುಚ್ಚಿಡಿ."

ಹಾಗೆಂದು ನನ್ನ ಕಡೆ ನೋಡಿದರು. ಪೇಟೆ ಸೊಸೆ ಮನೆಹಾಳು ಪುಸ್ತಕ ತಂದಳು ಅನ್ನುವ ಮಾತು ಸಂಜೆಯೊಳಗೆ ರೈಲ್ವೆ ಸ್ಟೇಷನ್ ಮುಟ್ಟುತ್ತದೆ. ನಾನೇ ತೆಗೆದಿಟ್ಟುಬಿಡೋಣ ಅಂತ ಹೋದೆ. ಅತ್ತೆ ಎದ್ದು ನಿಂತಿದ್ದರು. ಒಂದು ಕೈ ಮಾತ್ರ ಪುಸ್ತಕದ ಮೇಲಿತ್ತು.

"ಮೇಷ್ಟ್ರಮ್ಮ, ನಿಮ್ ಮಾತು ಮೀರೋಳಲ್ಲ ನಾನು. ಆದ್ರೆ ಪೀಠ ಏರಿದ್ ಪುಸ್ತಕಾನ ನಡುವೆ ಇಳಿಸ್ಬಾರ್ದಲ್ವಾ? ಮಂಗಳ ಆಗ್ಬೇಕು."

ಅರ್ಧಕ್ಕೆ ಇಳಿಸಿದರೆ ಮನೆಗೆ ಒಳ್ಳೆಯದಲ್ಲ ಅನ್ನುವುದು ಕೇರಿಗೆಲ್ಲ ಗೊತ್ತು, ಅದೇ ಊರಲ್ಲಿ ಹುಟ್ಟಿದ ಗೌರಮ್ಮನವರಿಗೂ ಗೊತ್ತು. ಅದು ಪುರಾಣಕ್ಕೆ ಮಾತ್ರ ಅಂದರು ಅವರು. ಪೀಠ ಅದೇ ಅಲ್ವಾ ಅಂದಳು ಮುನಿಕೆಂಪಮ್ಮ. ಗೌರಮ್ಮನವರು, ಹಾಗಾದರೆ ನಾನೂ ಕೇಳುತ್ತೇನೆ, ಅಡ್ಡಾದಿಡ್ಡಿ ಅರ್ಥ ಹೇಳಿದರೆ ಅಲ್ಲೇ ತಿದ್ದುತ್ತೇನೆ ಅಂತ ಚಾಪೆಯ ಮೇಲೆ ಕೂತರು. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ.

ಮುಗಿಯುವ ದಿನ ಪಾನಕ, ಕೋಸಂಬರಿ ಆಯಿತು. ಕಡೆಯ ಅಧ್ಯಾಯದಲ್ಲಿ ಊರವರೇ ಬೇರೆ ದೋಣಿ ಕಟ್ಟಿಕೊಂಡಿರುತ್ತಾರೆ. ಮುದುಕನಾದ ಅಂಬಿಗ ದಡದಲ್ಲಿ ತನ್ನ ದೋಣಿಯ ಪಕ್ಕ ನಿಂತಿರುತ್ತಾನೆ. ಗೆದ್ದನೋ ಸೋತನೋ ಬರೆದಿಲ್ಲ. ಪುಸ್ತಕ ಮುಗಿದರೂ ಹೆಂಗಸರು ಏಳಲಿಲ್ಲ. ಪುರಾಣದ ಕೊನೆಗೆ, ಇದನ್ನು ಕೇಳಿದವರಿಗೆ ಇಂಥ ಫಲ ಅಂತ ಹೇಳಬೇಕಲ್ಲ, ಅದಕ್ಕೆ ಕಾದರು. ಅತ್ತೆ ಪುಟ ತಿರುವಿ ನೋಡಿದರು. ಬರೀ ಖಾಲಿ ರಟ್ಟು.

"ಇವ್ನು ಫಲ ಬರ್ದಿಲ್ಲ," ಅಂದರು. "ಫಲ ನಾನೇ ಏಳ್ತೀನಿ, ಕೇಳಿ. ಇಷ್ಟ್ ವರ್ಷ ಎಲ್ರಿಗೋಸ್ಕರ ಬದುಕ್ದೆ. ಅದ್ಕೆ ನಂಗೆ ಬೇಜಾರಿಲ್ಲ, ಅದು ತಪ್ಪು ಅಂತ ಈ ಅಂಬಿಗ ಏಳಿದ್ರೆ ನಾನ್ ಒಪ್ಪಲ್ಲ. ಆದ್ರೆ ಈ ಒಂದ್ ಪುಸ್ತಕ ನಂಗೋಸ್ಕರ ಓದ್ದೆ. ಅದೂ ತಪ್ಪಲ್ಲ."

ಆ ಅಂಬಿಗನ ಒಂದು ಮಾತನ್ನೂ ಒಪ್ಪುವುದಿಲ್ಲ ಅಂದರು ಗೌರಮ್ಮನವರು.

"ನೀವ್ ಒಪ್ಪಬ್ಯಾಡಿ, ಮೇಷ್ಟ್ರಮ್ಮ. ಓದೋದ್ರಲ್ಲಿ ನಾನ್ ಎಲ್ಲಾದ್ರೂ ತಪ್ಪಿದ್ನಾ?"

"ಒಂದಕ್ಷರ ತಪ್ಪಲಿಲ್ಲ," ಅಂದರು ಗೌರಮ್ಮನವರು. ಹೇಳುವಾಗ ಸೆರಗಿನಿಂದ ಕಣ್ಣೊತ್ತಿಕೊಂಡರು.

ಎಲ್ಲರೂ ಹೋದ ಮೇಲೆ ಅತ್ತೆ ಪುಸ್ತಕ ನನ್ನ ಕೈಗಿಟ್ಟು, ಮೇಲೊಂದು ಹಳೆಯ ಬಸ್ ಟಿಕೆಟ್ ಇಟ್ಟರು. "ನೂರಾ ಎಂಬತ್ತನೇ ಪುಟದಲ್ಲಿತ್ತು, ಮಗಾ. ಅಲ್ಲಿಂದಾಚೆ ಆಳೆ ಅಂಚು ಕೂಡ್ಕೊಂಡೇ ಇತ್ತು, ಅಚ್ಚಿಂದ ಬಂದಂಗೇ, ಪುಟ ಸೀಳೇ ಇರ್ಲಿಲ್ಲ. ಈಳಿಗೆ ಮಣೆಗೆ ಇಡ್ದು ನಾನೇ ಸೀಳ್ಕೊಂಡೆ."

ಟಿಕೆಟ್ ನನ್ನದೇ. ಎರಡು ವರ್ಷ ಆ ಪುಸ್ತಕದ ಪರವಾಗಿ ಗಂಟಲು ಹರಿದುಕೊಂಡವಳು ಅರ್ಧದಾಚೆ ಓದಿರಲಿಲ್ಲ. ಅದು ಅತ್ತೆಗೆ ತಿಂಗಳ ಹಿಂದೆಯೇ ತಿಳಿದಿತ್ತು. ಆ ತುಂಬಿದ ಹಜಾರದಲ್ಲಿ ಒಂದು ದಿನವೂ ಬಾಯಿ ಬಿಡಲಿಲ್ಲ.

ಮಲ್ಲೇಶ್ವರದ ಗೆಳತಿಯರು ಸಿಕ್ಕಾಗ ಈಗಲೂ ಆ ಕಾದಂಬರಿಯ ಜಗಳ ತೆಗೆಯುತ್ತಾರೆ. ನಾನು ಯಾವ ಕಡೆಯೂ ಸೇರುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಪೂರ್ತಿ ಓದಿದವರು ನಮ್ಮತ್ತೆ, ಬೇಕಾದರೆ ಯಲಹಂಕಕ್ಕೆ ಬಂದು ಅವರನ್ನು ಕೇಳಿ ಅನ್ನುತ್ತೇನೆ.