ಬೇಡ ಅನ್ನೋಕೆ ಯಳಂದೂರಿಗೆ ಹೋಗಿದ್ದೆ

ಕಳೆದ ಭಾನುವಾರ ಯಳಂದೂರಿನಲ್ಲಿ ಒಬ್ಬ ಉಪನ್ಯಾಸಕರ ಮನೆಯ ಹಾಲ್‌ನಲ್ಲಿ ಕೂತು, ಅವರ ಕಣ್ಣೆದುರಿಗೇ ಅವರ ವಿಡಿಯೋ ಗೇಮ್ ಮೆಷಿನ್ ಬಿಚ್ಚಿ ಹಾಕಿದೆ. ಅದು ನನ್ನದಲ್ಲ. ಅದಕ್ಕೆ ನಾನು ಒಂದು ಪೈಸೆ ಕೊಟ್ಟಿರಲಿಲ್ಲ. ಕೊಳ್ಳುತ್ತೇನೆ ಅಂತ ಕೂಡ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ, ಬೇಡ ಅನ್ನೋಕೆ ಅಂತಲೇ ಕೊಳ್ಳೇಗಾಲದಲ್ಲಿ ಬಸ್ ಹತ್ತಿದ್ದೆ.

ಉಪನ್ಯಾಸಕರ ಮುಖ ನೀವು ನೋಡಬೇಕಿತ್ತು. ಆಪರೇಷನ್ ಥಿಯೇಟರ್ ಬಾಗಿಲಲ್ಲಿ ನಿಂತ ನೆಂಟರ ಮುಖ!

ಮೊದಲಿಂದ ಹೇಳುತ್ತೇನೆ.

ನನ್ನದು ಮೋಟರ್ ವೈಂಡಿಂಗ್ ಅಂಗಡಿ ಅಂತ ಈ ಅಂಕಣ ಓದುವವರಿಗೆ ಗೊತ್ತು. ಸುಟ್ಟುಹೋದ ಪಂಪ್‌ಸೆಟ್ ಮೋಟರ್ ತಂದರೆ ಹಳೆ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತೇನೆ. ಸುಟ್ಟ ಮೋಟರ್ ಕೊಂಡು, ಸರಿ ಮಾಡಿ ಮಾರುವುದೂ ಉಂಟು. ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟವನು. (ಸ್ಕೂಲೇ ನನ್ನನ್ನು ಬಿಟ್ಟಿತು ಅನ್ನುವವರೂ ಇದ್ದಾರೆ, ಇರಲಿ.) ಆದರೆ ಹನೂರಿನಿಂದ ಮಹದೇಶ್ವರ ಬೆಟ್ಟದ ತಪ್ಪಲಿನವರೆಗೆ ಎಷ್ಟು ಬೋರ್‌ವೆಲ್ಲಿನಲ್ಲಿ ನಾನು ಸುತ್ತಿದ ತಂತಿ ನೀರೆತ್ತುತ್ತಿದೆ, ಬೇಕಾದರೆ ವಿಚಾರಿಸಿಕೊಳ್ಳಿ.

ಅಂಗಡಿಯಲ್ಲಿ ನನ್ನದೊಂದು ನಿಯಮ. "ಮೋಟ್ರು ಗುಯ್ ಅಂತದ ಸಾ, ಏನಾಗದ?" ಅಂತ ಯಾರಾದರೂ ಫೋನ್ ಮಾಡಿದರೆ ನಾನು ಉತ್ತರ ಕೊಡುವುದಿಲ್ಲ. "ತಕಂಡ್ ಬಾ. ಬಿಚ್ಚಿ ನೋಡ್ದೆ ನಾನೇನೂ ಏಳಲ್ಲ." ಅಷ್ಟೇ. ಫೋನ್ ಇಟ್ಟುಬಿಡುತ್ತೇನೆ. ಎಂಥ ದೊಡ್ಡ ಮನುಷ್ಯ ಫೋನ್ ಮಾಡಿದರೂ ಇದೇ ಮಾತು.

ಮಗಳು ಪಲ್ಲವಿ ಈ ಸಲ ಸೆಕೆಂಡ್ ಪಿಯುಸಿ ಪಾಸಾದಳು. ಫಸ್ಟ್ ಕ್ಲಾಸ್. ನಮ್ಮ ಮನೆತನದಲ್ಲಿ ಅಷ್ಟು ಓದಿದ ಮೊದಲ ಹೆಣ್ಣು. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಹಿಂದೆಮುಂದೆ ನೋಡದೆ "ಏನ್ ಬೇಕೋ ಕೇಳು ಕೂಸು" ಅಂದುಬಿಟ್ಟೆ. ವಾಚ್ ಕೇಳಬಹುದು, ಡ್ರೆಸ್ ಕೇಳಬಹುದು, ಹೆಚ್ಚೆಂದರೆ ಸ್ಕೂಟಿ.

ಅವಳು ಕೇಳಿದ್ದು ಗೇಮ್ ಕನ್ಸೋಲ್.

"ಅಂಗಂದ್ರ?"

"ಟೀವಿಗೆ ಆಕ್ಕಂಡು ಆಟ ಆಡೋ ಮೆಷಿನ್ ಕನಪ್ಪ."

"ಮೆಷಿನ್ ತಕಂಡ್ರ ಆಟನೂ ಅದ್ರಲ್ಲೇ ಬರ್ತದ?"

"ಇಲ್ಲ, ಆಟ ಬ್ಯಾರೆ ತಕಬೇಕು. ಒಂದೊಂದ್ಕೂ ಒಂದೊಂದು ಡಿಸ್ಕು."

"ಅಂದ್ರ ಮೋಟ್ರೂ ನಾನೇ ತಕಬೇಕು, ನೀರೂ ನಾನೇ ತಕಬೇಕು!"

ಬೇಡ ಅಂದೆ. ನಿಂತ ನಿಲುವಿನಲ್ಲೇ. ಹನೂರಿನ ನನ್ನ ಬಾಮೈದ ಶಿವಣ್ಣ ಫೋನಿನಲ್ಲಿ ಸುದ್ದಿ ಕೇಳಿ ತಾನೂ ದನಿ ಸೇರಿಸಿದ. "ಎಣ್ಣು ಐಕ್ಳು ಕೇಳ ಸಾಮಾನಾ ಬಾವ ಅದು? ಸ್ಕೂಟಿ ತಕ್ಕೊಡಿ, ನಿಮ್ಗೂ ಅಂಗ್ಡಿಗ್ ಓಗಕ್ಕಾಯ್ತದ." ಸರಿಯಾಗಿ ಹೇಳಿದ ಅನ್ನಿಸಿತು. (ನಮ್ಮ ಮಾತನ್ನೇ ಇನ್ನೊಬ್ಬರು ಹೇಳಿದರೆ ಅವರು ಬುದ್ಧಿವಂತರಾಗಿ ಕಾಣುತ್ತಾರೆ, ಅಲ್ಲವೇ?)

ಪಲ್ಲವಿ ಅಳಲಿಲ್ಲ. ಊಟ ಬಿಡಲಿಲ್ಲ. ಮೂರನೇ ದಿನ ನನಗೆ ಸಾರು ಬಡಿಸುತ್ತಾ ಕೇಳಿದಳು.

"ಅಪ್ಪ, ಬಿಚ್ಚಿ ನೋಡ್ದೆ ಏನೂ ಏಳಲ್ಲ ಅಂತೀಯಲ್ಲ ಎಲ್ರಿಗೂ. ನಾ ಕೇಳಿದ್ ಮೆಷಿನ್ನ ಕಣ್ಣಲ್ಲೂ ನೋಡ್ದೆ ಬ್ಯಾಡ ಅಂದ್ಯಲ್ಲ. ಬ್ಯಾಡ ಅನ್ನು. ನೋಡ್ಬುಟ್ಟು ಅನ್ನು."

ಊರಿನವರಿಗೆಲ್ಲ ಒಂದು ನ್ಯಾಯ, ಮನೆ ಮಗಳಿಗೆ ಒಂದು ನ್ಯಾಯ! ಇಷ್ಟು ವರ್ಷ ನಾನು ಮಾಡಿಕೊಂಡು ಬಂದ ಹೆಸರು ಆ ಸಾರಿನ ತಟ್ಟೆಯಲ್ಲಿ ಬಿದ್ದಿತ್ತು.

ಹಾಗಾಗಿ ಯಳಂದೂರು. ಅಲ್ಲಿನ ಉಪನ್ಯಾಸಕರೊಬ್ಬರಿಗೆ ವರ್ಗಾವಣೆಯಾಗಿತ್ತು. ಸಾಮಾನು ಕಮ್ಮಿ ಮಾಡಿಕೊಳ್ಳಲು ತಮ್ಮ ಕನ್ಸೋಲ್ ಮಾರುತ್ತಿದ್ದಾರೆ ಅಂತ ಪಲ್ಲವಿಯೇ ಗೆಳತಿಯ ಕಡೆಯಿಂದ ಪತ್ತೆ ಮಾಡಿದ್ದಳು. ನೋಡುವುದು, ಬೇಡ ಅನ್ನುವುದು, ಅಲ್ಲೇ ಕಾಫಿ ಕುಡಿದು ಬಸ್ ಹತ್ತುವುದು. ಇದು ನನ್ನ ಪ್ಲಾನ್.

"ಮುಂಚೆ ಯಾವತ್ತಾರ ಆಡಿದ್ದೀಯ?" ಅಂತ ಬಸ್ಸಿನಲ್ಲಿ ಕೇಳಿದೆ.

"ಇಲ್ಲಪ್ಪ. ಎರಡ್ ವರ್ಸದಿಂದ ಬ್ಯಾರೇರು ಆಡದ ಫೋನಲ್ಲಿ ನೋಡ್ತಿವ್ನಿ. ಯಾವ್ ಆಟ್ದಲ್ಲಿ ಯಾವ್ ದಾರಿ ಎಲ್ಗ್ ಓಯ್ತದ ಎಲ್ಲ ಗೊತ್ತು."

ಎರಡು ವರ್ಷ. ಬೇರೆಯವರ ಕೈಯಲ್ಲಿ. ನಾನು ಕಿಟಕಿಯ ಆಚೆ ನೋಡಿದೆ.

ಉಪನ್ಯಾಸಕರು ಒಳ್ಳೆಯವರೇ. ಕೂರಿಸಿ, ಕಾಫಿ ಕೊಟ್ಟು, ಮೆಷಿನ್ ಆನ್ ಮಾಡಿದರು. ಪಲ್ಲವಿಯ ಕೈಗೆ ಕಂಟ್ರೋಲರ್ ಕೊಟ್ಟರು. (ನಾನು ರಿಮೋಟ್ ಅಂದೆ. ಇಬ್ಬರೂ ಒಟ್ಟಿಗೆ ತಿದ್ದಿದರು.) ಅವಳು ಅದನ್ನು ಎಳೆಗೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದಳು. ಆಟ ಶುರುವಾಯಿತು. ಜೊತೆಗೆ ಮೆಷಿನ್ನಿನೊಳಗಿಂದ ರಾಗಿ ಗಿರಣಿಯ ಸದ್ದೂ ಶುರುವಾಯಿತು. ಹತ್ತು ನಿಮಿಷಕ್ಕೆ ಟಪ್ ಅಂತ ಆಫ್.

"ಒಮ್ಮೊಮ್ಮೆ ಹೀಗಾಗುತ್ತೆ. ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತೆ" ಅಂದರು.

ನೋಡಿದಿರಾ? ಬೇಡ ಅನ್ನೋಕೆ ಇದಕ್ಕಿಂತ ಒಳ್ಳೆ ಕಾರಣ ಬೇಕೇ? ನೋಡಿಯೂ ಆಯಿತು, ನ್ಯಾಯವೂ ಆಯಿತು. ಎದ್ದು ಬರಬೇಕಿತ್ತು. ಆದರೆ ಕೈ ತಾನಾಗಿ ಮೆಷಿನ್ನಿನ ಬೆನ್ನು ಮುಟ್ಟಿತು. ಕಾದ ಹಂಚು!

"ಉಸ್ರು ಕಟ್ಟದ ಸಾ ಇದ್ಕ. ಬಿಚ್ಚಿ ನೋಡ್ಲಾ?"

ಅವರು ನಕ್ಕರು. "ಬೇಡಿ ಬೇಡಿ. ಇದು ಪಂಪ್‌ಸೆಟ್ ಅಲ್ಲ. ಇದೆಲ್ಲ ನಿಮಗೆ ಗೊತ್ತಾಗಲ್ಲ, ಕಂಪನಿಯವರೇ ಬೇಕು."

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಮಗಳ ಎದುರಿಗೆ ಅಂದರು. ಪಲ್ಲವಿ ನನ್ನ ಮುಖ ನೋಡಿದಳು. ಜೇಬಿನಲ್ಲಿ ಸ್ಕ್ರೂಡ್ರೈವರ್ ಸೆಟ್ ಇಲ್ಲದೆ ನಾನು ಮದುವೆ ಮನೆಗೂ ಹೋದವನಲ್ಲ. ಪ್ಲಗ್ ಕಿತ್ತು ಶುರು ಮಾಡಿದೆ.

ಒಳಗೆ ಏನಿತ್ತು? ಧೂಳು. ಒಂದು ಪುಟ್ಟ ಫ್ಯಾನು, ಅದರ ತುಂಬ ಹಾಸಿಗೆಯ ಹತ್ತಿಯಂತೆ ಗಟ್ಟಿಯಾದ ಧೂಳು, ಜೊತೆಗೆ ಅವರ ಮನೆ ಬೆಕ್ಕಿನ ಕೂದಲು. ಗಾಳಿ ಬರಬೇಕು, ಬಿಸಿ ಹೋಗಬೇಕು. ಪಂಪ್‌ಸೆಟ್ಟಿಗೂ ಅದೇ, ಇದಕ್ಕೂ ಅದೇ. ಮೆತ್ತನೆ ಬ್ರಷ್ ಕೇಳಿದೆ. ಅವರು ಬೇರೆ ದಾರಿ ಕಾಣದೆ ಶೇವಿಂಗ್ ಬ್ರಷ್ ತಂದುಕೊಟ್ಟರು. ಮುಕ್ಕಾಲು ಗಂಟೆ. ತೆಗೆದ ಸ್ಕ್ರೂಗಳನ್ನು ತೆಗೆದ ಸಾಲಿನಲ್ಲೇ ಪೇಪರ್ ಮೇಲೆ ಇಟ್ಟಿದ್ದೆ, ಅದೇ ಸಾಲಿನಲ್ಲಿ ಹಾಕಿದೆ. ಒಂದೂ ಮಿಗಲಿಲ್ಲ.

ಆನ್ ಮಾಡಿದರೆ ಸದ್ದೇ ಇಲ್ಲ. ಉಪನ್ಯಾಸಕರು ಬಗ್ಗಿ ಕಿವಿ ಇಟ್ಟು ನೋಡಿದರು. "ಓಡ್ತಾ ಇದೆಯೇನ್ರೀ?"

ಓಡುತ್ತಿತ್ತು. ಪಲ್ಲವಿ ಕಾರ್ ರೇಸ್ ಹಾಕಿ, ಇನ್ನೊಂದು ಕಂಟ್ರೋಲರ್ ನನ್ನ ಕೈಗಿಟ್ಟಳು. ಮೊದಲ ತಿರುವಿಗೇ ನನ್ನ ಕಾರು ಗೋಡೆಗೆ. "ಗುದ್ದಬ್ಯಾಡಪ್ಪ, ಬಟನ್ನು ಅದು, ಸುತ್ಗೆ ಅಲ್ಲ!" ಅಂತ ಅವಳು. "ಇನ್ನೊಂದ್ ಸಲ" ಅಂತ ನಾನು. ಎಷ್ಟು ಇನ್ನೊಂದ್ ಸಲ ಆಯಿತೋ ನಾನು ಲೆಕ್ಕ ಇಡಲಿಲ್ಲ. ಎಲ್ಲದರಲ್ಲೂ ಅವಳೇ ಗೆದ್ದಳು. ಎರಡು ವರ್ಷ ಬರೀ ನೋಡಿ ಕಲಿತ ಕೈ ಅದು!

ನಡುವೆ ಅವರ ಶೆಲ್ಫಿನ ಮೇಲೆ ಕಣ್ಣು ಹೋಯಿತು. ಸಾಲಾಗಿ ಡಿಸ್ಕುಗಳು. ಅರ್ಧಕ್ಕರ್ಧದ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. "ಆಫರ್ ಇದ್ದಾಗ ತಗೊಂಡೆ, ಆಡೋಕೆ ಟೈಮ್ ಎಲ್ಲಿ?" ಅಂದರು. ನನಗೆ ಅಲ್ಲೇ ಒಂದು ವಿಷಯ ತಿಳಿಯಿತು, ಕೊಂಡಿಟ್ಟರೆ ಸಾಲದು, ಓಡಿಸಬೇಕು. ಮೋಟರ್ ಕೊಳ್ಳಲು ಬಂದ ರೈತರನ್ನು ನಾನು ಮೊದಲು ಕೇಳುವುದು, ದಿನಕ್ಕೆ ಎಷ್ಟು ಗಂಟೆ ಓಡಿಸುತ್ತೀರಿ ಅಂತ. ಮಗಳನ್ನೂ ಅದನ್ನೇ ಕೇಳಿದೆ.

"ಭಾನ್ವಾರ ಎರಡ್ ಗಂಟೆ. ಎಕ್ಸಾಮ್ ಟೈಮಲ್ಲಿ ಇಲ್ಲ. ಒಂದಾಟ ಪೂರ್ತಿ ಮುಗಿಸ್ದೆ ಇನ್ನೊಂದು ಕೇಳಲ್ಲ. ಮುಗ್ದಿದ್ನ ಫ್ರೆಂಡ್‌ಗ್ ಕೊಟ್ಟು ಅವಳ್ದ ಈಸ್ಕತೀನಿ."

ಇಷ್ಟು ನೆಟ್ಟಗೆ ಉತ್ತರ ಕೊಟ್ಟ ಗಿರಾಕಿ ನನ್ನ ಅಂಗಡಿಗೆ ಇನ್ನೂ ಬಂದಿಲ್ಲ. ಜೇಬಿಗೆ ಕೈ ಹಾಕಿದೆ. "ಆಯ್ತು ಸಾ, ತಕತೀವಿ."

ಉಪನ್ಯಾಸಕರು ಕನ್ನಡಕ ಒರೆಸಿಕೊಂಡರು. "ಅದು... ತಪ್ಪು ತಿಳೀಬೇಡಿ. ಇಷ್ಟು ಚೆನ್ನಾಗಿ ಓಡೋದಾದರೆ ನಾನೇ ಇಟ್ಕೊಳ್ಳೋಣ ಅನ್ನಿಸ್ತಿದೆ. ನಿಮ್ಮ ರಿಪೇರಿ ಚಾರ್ಜ್ ಎಷ್ಟಾಯ್ತು ಹೇಳಿ."

ನಮ್ಮ ಕಸುಬಿನ ಮೊದಲ ಪಾಠ ಏನು ಗೊತ್ತೇ? ಸುಟ್ಟ ಮೋಟರನ್ನು ಸುಟ್ಟ ಬೆಲೆಗೆ ಮೊದಲು ಕೊಳ್ಳಬೇಕು, ಆಮೇಲೆ ಕೈ ಹಚ್ಚಬೇಕು. ಮೀಸೆ ಚಿಗುರುವ ಮುಂಚೆ ಕಲಿತದ್ದು. ಇಷ್ಟು ವಯಸ್ಸಿಗೆ ಮರೆತೆ. ಚಾರ್ಜ್ ತಗೊಳ್ಳಲಿಲ್ಲ. "ಚೆನ್ನಾಗ್ ಓಡುಸ್ಕಳಿ ಸಾ" ಅಂತ ಹೇಳಿ ಎದ್ದೆ. ಪಲ್ಲವಿ ಕಂಟ್ರೋಲರನ್ನು ಮೆಲ್ಲಗೆ ಟೀಪಾಯಿ ಮೇಲಿಟ್ಟು, ಚಪ್ಪಲಿ ಹಾಕಿಕೊಂಡಳು.

ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ಎಳನೀರು ಕೊಡಿಸಲು ಹೋದೆ. ಏನು ಹೇಳಿ ಸಮಾಧಾನ ಮಾಡುವುದು? ಕೈಗೆ ಬಂದ ಮೆಷಿನ್ನನ್ನು ನಾನೇ ಅಲ್ಲವೇ ಕೈ ತಪ್ಪಿಸಿದ್ದು? ಎಳನೀರು ಹಿಡಿದು ಹಿಂದಿನಿಂದ ಬಂದರೆ, ಅವಳು ಗೆಳತಿಗೆ ಫೋನಿನಲ್ಲಿ ಹೇಳುತ್ತಿದ್ದಾಳೆ.

"ಇಲ್ಲ ಕಣೇ, ಸಿಕ್ನಿಲ್ಲ. ಅಯ್ಯೋ ಅದ್ ಬುಡು, ಇದ್ ಕೇಳಿಲ್ಲಿ. ನಮ್ಮಪ್ಪ ಅಂತಾ ಮೆಷಿನ್ನ ಉಟ್ದಾಗಿಂದ ನೋಡೇ ಇಲ್ಲ. ಅಂಗೇ ಬಿಚ್ಬುಟ್ಟು, ಶೇವಿಂಗ್ ಬ್ರಷ್ಷಲ್ಲಿ ಸರಿ ಮಾಡ್ಬುಟ್ರು ಕಣೇ! ಮೇಷ್ಟ್ರು ಮಾರದ್ನೇ ಬುಟ್ಬುಟ್ರು!"

ಬಿದ್ದು ಬಿದ್ದು ನಗುತ್ತಿದ್ದಳು. ನಾನು ಅಲ್ಲೇ, ಕಂಬದ ಹಿಂದೆ, ಎರಡು ಎಳನೀರು ಹಿಡಿದುಕೊಂಡು ನಿಂತೆ. ಸನ್ಮಾನ, ಶಾಲು, ಹಾರ ಅಂತ ಜನ ಯಾಕೆ ಓಡಾಡುತ್ತಾರೋ ನನಗೆ ಗೊತ್ತಿಲ್ಲ. ನನಗಂತೂ ಅದು ಯಳಂದೂರು ಬಸ್ ಸ್ಟ್ಯಾಂಡಿನಲ್ಲಿ ಆಯಿತು.

ಹೊಸದನ್ನೇ ನೋಡೋಣ ಅಂದೆ ಬಸ್ಸಿನಲ್ಲಿ. "ಒಸದು ಬ್ಯಾಡ ಬುಡಪ್ಪ, ಜಾಸ್ತಿ ಆಯ್ತದ" ಅಂದಳು.

"ನೋಡಾಯ್ತಲ್ಲ ಕೂಸು. ಇನ್ ತೀರ್ಮಾನ ನಂದು."

ಬುಧವಾರ ಅಂಗಡಿ ಬಾಗಿಲು ಹಾಕಿ ಮೈಸೂರಿಗೆ ಹೋದೆವು. ಡಿಸ್ಕ್ ಹಾಕಲು ಬರುವ ಮಾಡೆಲ್ಲೇ ಕೇಳಿ ತಗೊಂಡೆ. ಡಿಸ್ಕ್ ಇಲ್ಲದ ಮಾಡೆಲ್ಲು ಅಗ್ಗ, ಆದರೆ ಅದರಲ್ಲಿ ಕೊಂಡ ಆಟವನ್ನು ಗೆಳತಿಗೆ ಕೊಟ್ಟು ಈಸಿಕೊಳ್ಳುವ ಹಾಗಿಲ್ಲ. ಆಟ ಒಂದೇ ಒಂದು. ಗಾಳಿಯಾಡುವ ಕಡೆ, ಗೋಡೆಯಿಂದ ಒಂದು ಗೇಣು ಬಿಟ್ಟು, ನಾನೇ ಜಾಗ ಮಾಡಿ ಇಟ್ಟೆ. ನನ್ನ ದುಡಿಮೆ, ನನ್ನ ಮಗಳು, ನನ್ನ ಮನೆ ಟೀವಿ. ಬೆಲೆ ಬಾಳುತ್ತಾ ಅಂತ ಕೇಳುವವರು ಭಾನುವಾರ ಬಂದು ನೋಡಿ.

ಶಿವಣ್ಣ ಶುಕ್ರವಾರವೇ ಹನೂರಿಂದ ಬಂದ. ಸೊಂಟದ ಮೇಲೆ ಕೈಯಿಟ್ಟು ಮೆಷಿನ್ನನ್ನು ಆ ಕಡೆಯಿಂದ ಈ ಕಡೆಯಿಂದ ಬಗ್ಗಿ ನೋಡಿದ. ಟೀವಿ ಪಕ್ಕ ಇದ್ದ ಎರಡು ಕಂಟ್ರೋಲರುಗಳನ್ನು ಒಂದೊಂದಾಗಿ ಎತ್ತಿ ನೋಡಿ, ನನ್ನ ಕಡೆ ತಿರುಗಿದ.

"ಡಬ್ಬದ ಜೊತ್ಗ ಒಂದೇ ಬರ್ತದಂತಲ್ಲ. ಕಾಸ್ ಕೊಟ್ಟು ಎರಡ್ನೇದ ತಂದಿರದು ಯಾರ್ಗ ಬಾವ?"