ಅಲೆಯನ್ನು ಸುಸ್ತು ಮಾಡಿದ ಏರಿ ಕಲ್ಲು

ಕಳೆದ ವರ್ಷದ ಬೇಸಿಗೆಯ ಮಾತು. ಮದಲೂರಿನವಳಾದ ನನಗೆ ಕೃತಕ ಅಲೆಗಳ ಕೊಳ ವಿನ್ಯಾಸ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿ ಎಂಟು ತಿಂಗಳಾಗಿತ್ತು. ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುತ್ತಾರಲ್ಲ, ಸರ್ಫಿಂಗು, ಅದಕ್ಕೆ ಸಮುದ್ರವಿಲ್ಲದ ಕಡೆ ಕಟ್ಟುವ ಕೊಳ. ಶಿರಾ ಹೊರವಲಯದ ಶೆಡ್ಡೊಂದರಲ್ಲಿ ಅದರ ಪುಟ್ಟ ಮಾದರಿ ಕಟ್ಟಿದ್ದೆವು. ಒಂದು ತುದಿಯಲ್ಲಿ ಮೋಟಾರು ನೀರನ್ನು ತಳ್ಳಿದರೆ ಅಲೆ ಎದ್ದು ಇನ್ನೊಂದು ತುದಿಗೆ ಓಡಬೇಕು.

ಓಡುವುದೇನೋ ಓಡುತ್ತಿತ್ತು. ಆದರೆ ಎದುರು ಗೋಡೆಗೆ ಬಡಿದು ವಾಪಸ್ ಬಂದು, ಹಿಂದೆ ಬರುವ ಅಲೆಯನ್ನೂ ಕೆಡಿಸುತ್ತಿತ್ತು. ಮೂರನೇ ಅಲೆಯ ಹೊತ್ತಿಗೆ ಎಲ್ಲ ಕಲಸುಮೇಲೋಗರ. "ಸಾರ್, ತಪ್ಪಿರೋದು ಮೋಟಾರಲ್ಲಿ ಅಲ್ಲ, ಗೋಡೆಯಲ್ಲಿ" ಎಂದೆ.

ನಮ್ಮ ಮುಖ್ಯ ವಿನ್ಯಾಸಕರು ನಕ್ಕರು. "ಕೆರೆ ಊರಿನವಳು ನನಗೆ ಅಲೆ ಹೇಳ್ಕೊಡ್ತೀಯಾ? ಶುಕ್ರವಾರ ಕೊಳ ಕಟ್ಟಿಸೋ ಪಾರ್ಟಿ ನೋಡೋಕೆ ಬರ್ತಾರೆ. ಅದಾದ್ಮೇಲೆ ನೀನು ಕೊಳದ ಕೆಲಸ ಬಿಡು. ಬಟ್ಟೆ ಬದಲಾಯಿಸೋ ಕೋಣೆಗಳ ಡ್ರಾಯಿಂಗ್ ಮಾಡ್ಕೊಂಡಿರು." ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದು ಬ್ಯಾಗು ಬಿಸಾಕಿದೆ. ದೊಡ್ಡಪ್ಪ ಜಗಲಿಯಲ್ಲಿದ್ದರು. ಕೆರೆಯ ತೂಬೆತ್ತಿ ಗದ್ದೆಗಳಿಗೆ ನೀರು ಹಂಚುವ ನೀರಗಂಟಿ ಅವರು. "ಯಾಕವ್ವಾ, ಮುಖ ಇಂಗೆ ಊದ್ಕೊಂಡೈತೆ?" ಎಂದರು. ಎಲ್ಲ ಹೇಳಿದೆ.

"ಗೋಡೆ ಹೆಂಗೈತೆ? ನೆಟ್ಟಗೆ, ನುಣ್ಣಗೈತಾ?"

"ಹೂಂ."

"ಅಯ್ಯೋ ಪೆದ್ ಮುಂಡೇದೇ! ಅಂಗೆ ಕಟ್ಟಿದ್ರೆ ಯಾವ ಕೆರೆ ಏರಿ ಉಳೀತೈತೆ? ಕಲ್ನ ಇಳಿಜಾರಾಗಿ, ಒರಟೊರಟಾಗಿ ಜೋಡಿಸ್ಬೇಕು ಕಣವ್ವಾ. ಸಂದಿ ಮುಚ್ಚಬಾರ್ದು. ಅಲೆ ಸಂದಿಯೊಳಕ್ಕೆ ನುಗ್ಗಿ, ಸುಸ್ತಾಗಿ ಅಲ್ಲೇ ಬಿದ್ಕೊಂತೈತೆ."

ನನಗೆ ನಾಚಿಕೆಯಾಯಿತು. ಆ ನುಣುಪು ಗೋಡೆಯ ನಕ್ಷೆ ಬರೆದವಳು ನಾನೇ. ಚಿಕ್ಕವಳಿದ್ದಾಗ ಆ ಏರಿ ಕಲ್ಲುಗಳ ಮೇಲೆ ಎಷ್ಟು ಸಲ ಮಂಡಿ ತರಚಿಕೊಂಡಿದ್ದೆನೋ, ಅವು ಹಾಗೇಕೆ ಇವೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೆಲ್ಲ ನಾನೂ ದೊಡ್ಡಪ್ಪನೂ ಲಗೇಜ್ ಆಟೋದಲ್ಲಿ ಗೋಣಿಚೀಲಗಟ್ಟಲೆ ಕಲ್ಲು ಶೆಡ್ಡಿಗೆ ತಂದು ಇಳಿಸಿದೆವು. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ನೀರಿಗಿಳಿದು ಎದುರು ಗೋಡೆಗೆ ಇಳಿಜಾರಾಗಿ ಒಂದೊಂದಾಗಿ ಜೋಡಿಸಿದರು.

"ಯಾರ್ರೀ ಈ ಕಲ್ಲು ಸುರಿದಿದ್ದು? ತೆಗೀರಿ ಮೊದಲು!" ಮುಖ್ಯ ವಿನ್ಯಾಸಕರು ಬಂದವರೇ ಕೂಗಾಡಿದರು.

"ನಾನು ಸಾರ್. ತೆಗೆಯೋದಾದ್ರೆ ನೀವೇ ಇಳಿದು ತೆಗೀರಿ. ಇಲ್ಲಾಂದ್ರೆ ಮೋಟಾರ್ ಹಾಕಿ" ಎಂದೆ. ಅಲ್ಲಿಂದ ಕದಲಲಿಲ್ಲ. ಅಷ್ಟರಲ್ಲಿ ಪಾರ್ಟಿಯ ಕಾರು ಗೇಟಿಗೆ ಬಂದಿತ್ತು. ವಿಧಿಯಿಲ್ಲದೆ ಮೋಟಾರು ಹಾಕಿಸಿದರು.

ಒಂದು ಅಲೆ, ಎರಡು, ಮೂರು. ನಾನು ಎಣಿಸಿದೆ. ಹತ್ತಕ್ಕೆ ಹತ್ತೂ ಚೊಕ್ಕವಾಗಿ ಎದ್ದು, ಸುರುಳಿಯಾಗಿ ಮಗುಚಿ, ಕಲ್ಲಿನ ಮೇಲೆ ಹತ್ತಿ ಅಲ್ಲೇ ಇಂಗಿದವು. ಬಂದವರು ಚಪ್ಪಾಳೆ ತಟ್ಟಿದರು. "ಐಡಿಯಾ ಯಾರದು?" ಎಂದು ಕೇಳಿದರು.

"ನಮ್ಮ ಟೀಮಿಂದು" ಎಂದರು ಮುಖ್ಯ ವಿನ್ಯಾಸಕರು.

"ಅಲ್ಲ ಸಾರ್, ಇವರದು. ನಮ್ಮ ದೊಡ್ಡಪ್ಪ, ನೀರಗಂಟಿ" ಎಂದೆ ಜೋರಾಗಿ.

ಕೊಳದ ಕೆಲಸದಿಂದ ನನ್ನನ್ನು ತೆಗೆಯುವ ಮಾತು ಮತ್ತೆ ಬರಲಿಲ್ಲ. ಆದರೆ ಕೊನೆಯ ನಕ್ಷೆಯಲ್ಲಿ ನಾನು ವಿನ್ಯಾಸಕರ ಜಾಗದಲ್ಲಿ ದೊಡ್ಡಪ್ಪನ ಹೆಸರನ್ನೂ ಬರೆದಾಗ, "ನೀರಗಂಟಿ ಹೆಸರೆಲ್ಲ ಹಾಕೋಕಾಗಲ್ಲ, ಅಳಿಸು" ಎಂದರು ಮುಖ್ಯ ವಿನ್ಯಾಸಕರು. "ಅಳಿಸಲ್ಲ ಸಾರ್" ಎಂದೆ. ಎರಡು ದಿನ ಅವರೂ ಸಹಿ ಹಾಕಲಿಲ್ಲ, ನಾನೂ ಅಳಿಸಲಿಲ್ಲ. ಮೂರನೇ ದಿನ ಸಹಿ ಹಾಕಿದರು.

ದೊಡ್ಡಪ್ಪನಿಗೆ ಓದು ಬಾರದು. ನಕ್ಷೆ ಹರಡಿ, ಅವರ ಬೆರಳು ಹಿಡಿದು ಹೆಸರಿನ ಮೇಲಿಟ್ಟೆ. ಕಣ್ಣು ಕಿರಿದು ಮಾಡಿ ನೋಡಿ, "ಇಷ್ಟು ಸಣ್ಣಕ್ಕೆ ಬರ್ದಿದ್ದೀಯಲ್ಲೇ?" ಎಂದರು.

ಅವರು ಹೇಳಿದ್ದು ಸರಿ. ಮುಂದಿನ ಸಲ ದೊಡ್ಡಕ್ಷರದಲ್ಲೇ ಬರೆಯುತ್ತೇನೆ. ಯಾರು ಏನಾದರೂ ಅಂದುಕೊಳ್ಳಲಿ.