ಅಕ್ಕ ಹದ ಮಾಡಿದ ಕಾರ್ಬುರೇಟರ್

ನಾನು ಚಿಕ್ಕವನಿದ್ದಾಗ ಕೊಯಮತ್ತೂರಿನ ಹತ್ತಿರದ ಸಿರುಮುಗೈಯ ನಮ್ಮ ಬೀದಿಯಲ್ಲಿ ಮನೆಮನೆಯಲ್ಲೂ ಮಗ್ಗ ಬಡಿಯುತ್ತಿತ್ತು. ನಮ್ಮ ಮನೆಯ ಮುಂದೆ ಮಾತ್ರ ಒಂದು ಹಳೆಯ ಕಾರು ಕೆಮ್ಮುತ್ತಿತ್ತು. ಅಪ್ಪ, ನೇಕಾರರು ಕಾಲಿಳಿಬಿಟ್ಟು ಕೂರುವ ಮಗ್ಗದ ಗುಂಡಿಯಿಂದ ಎದ್ದುಬಂದು ಬಾಡಿಗೆ ಕಾರು ಹಿಡಿದವನು. ನೀನೂ ನೇಯುತ್ತಿದ್ದವನೇ ಅಲ್ಲವಾ ಎಂದು ಯಾರಾದರೂ ನೆನಪಿಸಿದರೆ ಅವನ ಮುಖ ಬಿಗಿಯುತ್ತಿತ್ತು. ಅವನು ಬಿಟ್ಟ ಗುಂಡಿಯಲ್ಲಿ ಅಕ್ಕ ಕೂರುತ್ತಿದ್ದಳು.

ಕಾರು ಕೆಮ್ಮಲು ಕಾರಣ ಅದರ ಕಾರ್ಬುರೇಟರ್. ನಿಮ್ಮ ಕಾಲದ ಕಾರುಗಳಲ್ಲಿ ಅದಿಲ್ಲ ಮಕ್ಕಳೇ, ಅದಕ್ಕೇ ಹೇಳುತ್ತೇನೆ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಲೋಹದ ಡಬ್ಬಿ ಅದು. ಗಾಳಿ ಹೆಚ್ಚಾದರೆ ಎಂಜಿನ್ ಬಿಕ್ಕುತ್ತದೆ, ಪೆಟ್ರೋಲ್ ಹೆಚ್ಚಾದರೆ ಕಪ್ಪು ಹೊಗೆ ಉಗುಳುತ್ತದೆ. ನಮ್ಮದು ಸವೆದು ಹೋಗಿತ್ತು. ಅಷ್ಟರಲ್ಲಿ ಒಂದು ಮದುವೆ ಗುಂಪು ಬೆಟ್ಟದ ಮೇಲಿನ ವಾಲ್ಪಾರೈಗೆ ಬಾಡಿಗೆ ಹೇಳಿತು. ಅಪ್ಪ ಕೊಯಮತ್ತೂರಿನ ಉಕ್ಕಡದ ಹಳೆ ಸಾಮಾನಿನ ಅಂಗಡಿಗಳನ್ನೆಲ್ಲ ಅಲೆದು ಎರಡು ಕಾರ್ಬುರೇಟರ್ ತಂದ. ಒಂದು ದೊಡ್ಡದು, ಫಳಫಳ ಹೊಳೆಯುತ್ತಿತ್ತು. ಇನ್ನೊಂದು ಚಿಕ್ಕದು, ಮಸಿ ಹಿಡಿದಿತ್ತು. ಹೊಂದದ್ದನ್ನು ವಾಪಸ್ ಕೊಡುವ ಮಾತಾಗಿತ್ತು.

ಅಪ್ಪ ಹೊಳೆಯುವುದನ್ನೇ ಕೂರಿಸಿದ. ಎಂಜಿನ್ ಎದ್ದಿತು, ಆದರೆ ಆಕ್ಸಲರೇಟರ್ ಒತ್ತಿದರೆ ಉಸಿರು ಕಟ್ಟಿದಂತೆ ಒಂದು ಕ್ಷಣ ನಿಂತೇಬಿಡುತ್ತಿತ್ತು. ಅಕ್ಕ ಮಗ್ಗ ನಿಲ್ಲಿಸಿ ಬಾಗಿಲಿಗೆ ಬಂದಳು.

"ಇದರ ಬಾಯಿ ದೊಡ್ಡದಾಯ್ತಪ್ಪಾ. ನಮ್ಮ ಎಂಜಿನ್ ಅಷ್ಟು ಗಾಳಿ ಎಳೀಲಾರ್ದು. ಚಿಕ್ಕದ್ನ ಹಾಕಿ ನೋಡು."

"ನೀನ್ಯಾವ ವರ್ಕ್‌ಷಾಪಿನ ಮೇಸ್ತ್ರಿಯಮ್ಮಾ?" ಎಂದ ಅಪ್ಪ. ಮಧ್ಯಾಹ್ನದವರೆಗೂ ಗುದ್ದಾಡಿದ. ಆಮೇಲೆ ಚಿಕ್ಕದನ್ನು ಕೂರಿಸಿ, ಸ್ಕ್ರೂಡ್ರೈವರನ್ನು ಅವಳ ಕಡೆ ಚಾಚಿದ.

ಅಕ್ಕನ ಕಿವಿ ಅಂಥದ್ದು. ಬೀದಿಯ ಯಾವ ಮಗ್ಗದಲ್ಲಿ ಎಳೆ ಹರಿಯಿತು ಎಂಬುದು ಅವಳಿಗೆ ಕೂತಲ್ಲೇ ತಿಳಿಯುತ್ತಿತ್ತು. ಗಂಜಿಯ ವಾಸನೆಯ ಕೈಗೆ ಪೆಟ್ರೋಲ್ ಮೆತ್ತಿಕೊಂಡು, ಪೆಟ್ರೋಲ್ ತಗ್ಗಿಸಲು ಪಕ್ಕದ ಸ್ಕ್ರೂವನ್ನು ಒಳಕ್ಕೆ ತಿರುಗಿಸುತ್ತಾ ಹೋದಳು. ಎಂಜಿನ್ ನಡುಗತೊಡಗಿತು. ಕೂದಲೆಳೆಯಷ್ಟು ಹಿಂದಕ್ಕೆ ಬಿಚ್ಚಿದಳು. ನಡುಕ ನಿಂತಿತು. ಮಡ್‌ಗಾರ್ಡಿನ ಮೇಲಿದ್ದ ಅಪ್ಪನ ಲೋಟದಲ್ಲಿ ಕಾಫಿ ಅಲುಗಲಿಲ್ಲ.

"ವಾಲ್ಪಾರೈಗೆ ನೀನೇ ಮುಂದ್ಗಡೆ ಕೂತ್ಕೊ ಕಣ್ಣು" ಎಂದ ಅಪ್ಪ ಮುದ್ದಿನಿಂದ.

ಅಕ್ಕ ಸಿರುಮುಗೈ ಬಿಟ್ಟು ಒಂದು ಬೆಟ್ಟವನ್ನೂ ಹತ್ತಿದವಳಲ್ಲ. "ಬಂದೇ ಬರ್ತೀನಿ" ಎಂದಳು. "ಗಾಳಿ ಬದ್ಲಾದ್ರೆ ನೂಲಿನ ಗಂಜಿ ಬದ್ಲಾಯಿಸ್ತೀವಲ್ಲ, ಹಂಗೇ. ಮೇಲಿನ ಗಾಳಿಗೆ ಇದನ್ನೂ ಒಂದ್ಸಲ ಕೇಳಿ ತಿದ್ದಬೇಕಾಗ್ತದೆ."

"ಮಗ್ಗದ ಮಾತ್ನ ಕಾರಿಗೆ ತರ್ಬೇಡ" ಎಂದ ಅಪ್ಪ. ಮುಖ ಬಿಗಿದಿತ್ತು.

ಮರುದಿನ ಅಕ್ಕ ತಾನೇ ನೇಯ್ದ ಸೀರೆಯುಟ್ಟು, ಮಲ್ಲಿಗೆ ಮುಡಿದು, ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಮುಂದಿನ ಸೀಟಿನಲ್ಲಿ ಕೂತಳು. ಅಪ್ಪ ಬೀದಿಯ ಆಚೆ ಈಚೆ ನೋಡಿದ. "ಇಳಿ. ದಾರೀಲಿ ಗಾಡಿ ನಿಂತು, ಹೆಣ್ಣು ಇಳಿದು ರಿಪೇರಿ ಮಾಡೋದ್ನ ನಾಲ್ಕು ಜನ ನೋಡಿದ್ರೆ ನನ್ನ ಯಾರು ಡ್ರೈವರ್ ಅಂತಾರೆ?" ಅವಳು ಇಳಿದಳು. ಆ ಜಾಗದಲ್ಲಿ ಅಪ್ಪ ನನ್ನನ್ನು ಕೂರಿಸಿದ. ಸೀಟು ಇನ್ನೂ ಬೆಚ್ಚಗಿತ್ತು.

ಆಳಿಯಾರ್ ಅಣೆಕಟ್ಟು ದಾಟುವವರೆಗೂ ಕಾರು ಜೇನಿನಂತೆ ಗುಂಯ್‌ಗುಡುತ್ತಿತ್ತು. ಘಾಟಿಯ ತಿರುವುಗಳನ್ನು ಹತ್ತುತ್ತಾ ಹತ್ತುತ್ತಾ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಅದರ ಹಿಂದೆಯೇ ಪೆಟ್ರೋಲಿನ ಘಾಟು. ಕಾರು ಸೊರಗಿತು, ಕಪ್ಪು ಹೊಗೆ ಎದ್ದಿತು. ಹಿಂದಿನಿಂದ ಮದುವೆಯವನೊಬ್ಬ, "ಎನ್ನಂಗ ಡ್ರೈವರೇ, ವಂಡಿ ಬೀಡಿ ಕುಡಿಕ್ಕುದಾ?" ಎಂದ. ಬೀಡಿ ಸೇದುವ ಗಾಡಿ ಎಂದು ಎಲ್ಲರೂ ನಕ್ಕರು.

ಎತ್ತರದಲ್ಲಿ ಗಾಳಿ ತೆಳು. ಪೆಟ್ರೋಲ್ ಕಡಿಮೆ ಮಾಡಬೇಕು. ಇವತ್ತು ನನ್ನ ರಿಪೇರಿ ಷೆಡ್ಡಿನ ಹುಡುಗರಿಗೂ ಇದು ಗೊತ್ತು. ಅಪ್ಪ ಅಂದು ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ ಎಂದುಕೊಂಡ. ಗಾಳಿ ತಡೆಯುವ ಚೋಕ್ ಎಳೆದ. ಇಳಿದು ಸ್ಕ್ರೂ ಇನ್ನಷ್ಟು ಬಿಚ್ಚಿದ. ಎಂಜಿನ್ ಒಮ್ಮೆ ಸಿಡಿದು ಸತ್ತಿತು. ಮದುವೆಯವರು ತಾಂಬೂಲದ ತಟ್ಟೆಗಳನ್ನು ತಲೆಯ ಮೇಲಿಟ್ಟುಕೊಂಡು, ಹಿಂದೆ ಬಂದ ಬಸ್ಸಿಗೆ ಕೈ ಅಡ್ಡ ಹಾಕಿದರು.

ಮನೆಗೆ ಬಂದ ಅಪ್ಪ, "ನಿನ್ನ ಕಿವಿ ನಂಬಿ ನನ್ನ ಮಾನ ಹೋಯ್ತು. ಇನ್ಮೇಲೆ ಗಾಡಿ ಹತ್ರ ಕಾಲಿಡ್ಬೇಡ" ಎಂದ.

ಅಕ್ಕ ಕೇಳಿದ್ದು ಒಂದೇ. "ಮೇಲೆ ಸ್ಕ್ರೂ ಯಾವ ಕಡೆ ತಿರ್ಗಿಸ್ದೆ ಅಪ್ಪಾ?"

ಅಪ್ಪ ಟವೆಲ್ ಕೊಡವಿ ಹಿತ್ತಲಿಗೆ ನಡೆದ. ಅಕ್ಕ ಗುಂಡಿಗಿಳಿದು ಮಗ್ಗ ಬಡಿಯತೊಡಗಿದಳು. ಅಪ್ಪ ಬದುಕಿರುವವರೆಗೂ ಅದು ಅವಳ ತಪ್ಪೆಂದೇ ಊರಿಗೆ ಹೇಳಿದ. ಅವಳು ಮತ್ತೆ ಯಾವ ಎಂಜಿನ್ನನ್ನೂ ಮುಟ್ಟಲಿಲ್ಲ.

ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟೆ. ಈ ಕೈಯಲ್ಲೇ ದುಡಿದು ಕೊಯಮತ್ತೂರಿನಲ್ಲಿ ಷೆಡ್ ಕಟ್ಟಿದೆ. ಹಳೆಯ ಕಾರುಗಳನ್ನು ಜೋಪಾನ ಮಾಡುವ ದೊಡ್ಡವರು ಕಾರ್ಬುರೇಟರ್ ಹಿಡಿದು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನನ್ನ ಕಿವಿಯನ್ನು ಹೊಗಳುತ್ತಾರೆ. ಆಗೆಲ್ಲ ನನಗೆ ಅಕ್ಕ ಇಳಿದ ಆ ಬೆಚ್ಚಗಿನ ಸೀಟು ನೆನಪಾಗುತ್ತದೆ.

ಮೊನ್ನೆ ನೀವೆಲ್ಲ ವಾಲ್ಪಾರೈಗೆ ಹೋಗಿಬಂದಿರಿ. ನಿಮ್ಮ ಅಮ್ಮನೇ ಕಾರು ಓಡಿಸಿದಳು, ಯಾರೂ ಬೀದಿಯ ಆಚೆ ಈಚೆ ನೋಡಲಿಲ್ಲ. ಮೇಲಿನ ಗಾಳಿ ಎಷ್ಟು ತೆಳುವೆಂದು ನಿಮ್ಮ ಕಾರು ತಾನೇ ಅಳೆದು, ಪೆಟ್ರೋಲನ್ನು ತಾನೇ ತಿದ್ದಿಕೊಳ್ಳುತ್ತದೆ. ಒಳ್ಳೆಯದೇ. ನೀವು ತಂದ ಟೀ ಪುಡಿಯನ್ನು ನಾನು ಅಕ್ಕನಿಗೆ ಕೊಟ್ಟೆ. ಅವಳು ಪೊಟ್ಟಣವನ್ನು ಬಹಳ ಹೊತ್ತು ಮೂಸಿದಳು. "ಮೇಲೆ ಗಾಳಿ ಹೆಂಗಿತ್ತಂತೆ, ಮಕ್ಕಳ್ನ ಕೇಳು" ಎಂದಳು.

ಕೇಳಿದೆ. ಎಸಿ ಹಾಕಿ ಗಾಜು ಏರಿಸಿದ್ದೆವು ತಾತಾ, ಗೊತ್ತಾಗಲಿಲ್ಲ ಎಂದಿರಿ.